ಹಡಗಿನ ಶಾಲೆಯ ಹಳಬರು

ಓದಿದ ಶಾಲೆಯನ್ನು ಮುಪ್ಪಿನಲ್ಲಿ ಮತ್ತೊಮ್ಮೆ ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಊರ ಹೊರಗಿನ ಹೆಂಚಿನ ಕಟ್ಟಡ, ಅಂಗಳದ ಹುಣಿಸೆಯ ಮರ, ಚಾಕುವಿನಿಂದ ಹೆಸರು ಕೊರೆದ ಬೆಂಚು, ಪೆಟ್ಟು ತಿಂದು ನಿಂತ ಮೂಲೆ,—ಇವುಗಳಲ್ಲಿ ಯಾವುದೊಂದು ಉಳಿದಿದ್ದರೂ ಸಾಕು, ಐವತ್ತು ವರ್ಷಗಳ ಅಂತರ ಅರೆಗಳಿಗೆಯಲ್ಲಿ ಕರಗಿಹೋಗುತ್ತದೆ. ಬಂದವರ ಬಾಲ್ಯವನ್ನು ಗೋಡೆಗಳೇ ಜೋಪಾನವಾಗಿ ಕಾದಿಟ್ಟಿರುತ್ತವೆ; ಅದನ್ನು ಹಿಂದಕ್ಕೆ ಪಡೆಯುವುದಷ್ಟೇ ಅವರ ಕೆಲಸ. ಆದರೆ ಶಾಲೆಯೇ ನೀರಿನ ಮೇಲೆ ತೇಲುತ್ತಿದ್ದುದಾಗಿ, ಕಾಲ ಬಂದಾಗ ನೀರಿನ ಮೇಲಿನಿಂದಲೂ ಮರೆಯಾದರೆ, ಅದರ ವಿದ್ಯಾರ್ಥಿಗಳು ಮುಪ್ಪಿನಲ್ಲಿ ಎಲ್ಲಿಗೆ ಹೋಗಬೇಕು? ಮುಂಬಯಿಯ ಬಂದರಿನಲ್ಲಿ ನಾವಿಕವಿದ್ಯೆಯನ್ನು ಕಲಿತ ಹಳಬರ ಪಾಡು ಇಂಥದು. ಅವರು ಆಗಾಗ ನಡೆಸುವ ಕೂಟಗಳಿಗೂ ಒಬ್ಬರಿಗೊಬ್ಬರು ಬರೆದು ತಿಳಿಸುವ ಕ್ಷೇಮ ಸಮಾಚಾರಗಳಿಗೂ ಉಳಿದ ಶಾಲೆಗಳವರ ಕೂಟಗಳಿಗಿಲ್ಲದ ಒಂದು ಅರ್ಥ ಬಂದಿರುವುದು ಇದರಿಂದಲೇ.

ಆ ಶಾಲೆ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳುವುದು ಅವಶ್ಯಕ. ಹಡಗುಗಳಲ್ಲಿ ಭಾರತೀಯರು ದುಡಿಯುತ್ತಿದ್ದುದು ಹೊಸದೇನಲ್ಲ. ಕಲ್ಲಿದ್ದಲು ಸುರಿಯುವವರೂ ಡೆಕ್ಕು ತೊಳೆಯುವವರೂ ಹಗ್ಗ ಎಳೆಯುವವರೂ ಆಗಿ ಖಲಾಸಿಗಳು ಲೋಕದ ಬಂದರುಗಳನ್ನೆಲ್ಲ ಕಂಡಿದ್ದರು. ಆದರೆ ಹಡಗನ್ನು ನಡೆಸುವ ಅಧಿಕಾರಿಯ ಸ್ಥಾನ ಅವರಿಗೆ ಎಟುಕದ್ದಾಗಿತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ವಾಲ್‌ಚಂದ್ ಹೀರಾಚಂದರೂ ನರೋತ್ತಮ ಮೊರಾರ್ಜಿಯವರೂ ಅದರ ಹಿಂದೆ ಇದ್ದರು. ಇವರಲ್ಲಿ ಮೊದಲನೆಯವರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದವರಾದುದರಿಂದ ಕನ್ನಡಿಗರಿಗೆ ಅಪರಿಚಿತರಲ್ಲ. ಹಡಗೇನೋ ಸ್ವದೇಶದ್ದಾಯಿತು, ಅದನ್ನು ನಡೆಸುವವರು? ಈ ಪ್ರಶ್ನೆ ಎದ್ದೇ ಇತ್ತು. 1922ರಲ್ಲಿ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರದ ಶಾಸನಸಭೆಯಲ್ಲಿ ಗೊತ್ತುವಳಿ ತಂದರು; ಅದರ ಫಲವಾಗಿ ಒಂದು ಸಮಿತಿ ಕುಳಿತು ವಿಚಾರ ಮಾಡಿತು; ಕೊನೆಗೆ 1927ರಲ್ಲಿ ಸೈನಿಕರನ್ನು ಒಯ್ಯುತ್ತಿದ್ದ ‘ಡಫರಿನ್’ ಎಂಬ ಹಳೆಯ ಹಡಗನ್ನು ಮಜಗಾಂವಿನ ಎದುರಿಗೆ ನಿಲ್ಲಿಸಿ, ಹುಡುಗರಿಗೆ ಶಾಲೆಯನ್ನಾಗಿ ಮಾಡಿದರು. ಮೊದಲ ತಂಡದಲ್ಲಿ ಸೇರಿದ ರಾಮದಾಸ ಕಟಾರಿಯವರು 1958ರಲ್ಲಿ ನೌಕಾದಳದ ಮುಖ್ಯಾಧಿಪತಿಯ ಪದವಿಗೆ ಏರಿದ ಮೊದಲನೆಯ ಭಾರತೀಯರಾದರು. ಹೆಚ್ಚಿನವರು ಹಿಡಿದದ್ದು ವ್ಯಾಪಾರದ ಹಡಗುಗಳ ದಾರಿಯನ್ನು. 1972ರಲ್ಲಿ ಡಫರಿನ್ನಿನ ಕಾಲ ಮುಗಿದು ‘ರಾಜೇಂದ್ರ’ ಎಂಬ ಹಡಗು ಆ ಕೆಲಸಕ್ಕೆ ಬಂದಿತು, 1993ರಲ್ಲಿ ಅದೂ ಮುಗಿದು, ನವಿ ಮುಂಬಯಿಯ ದಡದ ಮೇಲೆ ‘ಚಾಣಕ್ಯ’ವೆಂಬ ಹೆಸರಿನಿಂದ ಶಾಲೆ ನೆಲಕ್ಕೆ ಇಳಿಯಿತು, 2008ರಲ್ಲಿ ಕಡಲವಿದ್ಯೆಗೆ ಒಂದು ವಿಶ್ವವಿದ್ಯಾನಿಲಯವೇ ಆದ ಮೇಲೆ ಅದರ ಒಂದು ಅಂಗವಾಯಿತು. ಹೀಗೆ ವಂಶ ಮುಂದುವರಿದಿದೆ, ಮನೆ ಮಾತ್ರ ಉಳಿದಿಲ್ಲ.

ಆ ಮನೆಗೆ ಹುಡುಗರು ಬಂದದ್ದು ಹದಿನಾರು ಹದಿನೇಳರ ವಯಸ್ಸಿನಲ್ಲಿ, ದೇಶದ ಎಲ್ಲ ಮೂಲೆಗಳಿಂದ. 1956ರ ತನಕ ಉತ್ತರ ಕನ್ನಡ ಜಿಲ್ಲೆಯೂ ಧಾರವಾಡದ ಸೀಮೆಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಆ ಕಡೆಯವರಿಗೆ ಮುಂಬಯಿ ಪರದೇಶವಾಗಿರಲಿಲ್ಲ. ಕಾರವಾರ ಮಂಗಳೂರುಗಳ ಕಡೆಯ ಹುಡುಗನಿಗೆ ಉಪ್ಪುಗಾಳಿಯ ಪರಿಚಯವಾದರೂ ಇತ್ತು. ಬಯಲುಸೀಮೆಯವನಿಗೆ ಅಷ್ಟು ನೀರನ್ನು ಒಂದೇ ಕಡೆ ಕಂಡದ್ದು ಅದೇ ಮೊದಲು. ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಕಾಲ ಇನ್ನೂ ಪೂರ್ತಿ ಹಿಂದಾಗಿರಲಿಲ್ಲ. ಅಜ್ಜಿಯರು ಅಳುತ್ತ ಕಳುಹಿಸಿಕೊಟ್ಟ ಈ ಹುಡುಗರು ಕ್ಯಾನ್ವಾಸಿನ ತೂಗುಹಾಸಿಗೆಯಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿ, ಕಹಳೆಯ ಕೂಗಿಗೆ ಎದ್ದು, ಬರಿಗಾಲಿನಲ್ಲಿ ಡೆಕ್ಕು ಉಜ್ಜಿ, ಹುಟ್ಟು ಹಾಕಿ, ಗಂಟು ಕಟ್ಟಿ, ನಕ್ಷತ್ರಗಳ ಹೆಸರು ಕಲಿತರು. ಜಾತಿಯನ್ನು ಕೇಳುವಷ್ಟು ಬಿಡುವು ಅಲ್ಲಿ ಯಾರಿಗೂ ಇರಲಿಲ್ಲ. ಹೆಸರಿಗಿಂತ ಮೊದಲು ಸಂಖ್ಯೆ, ಸಂಖ್ಯೆಗಿಂತ ಮೊದಲು ಅಡ್ಡಹೆಸರು! 1947ರಲ್ಲಿ ದೇಶ ಎರಡಾದಾಗ ಒಂದೇ ಡೆಕ್ಕನ್ನು ಉಜ್ಜಿದ ಗೆಳೆಯರು ಎರಡು ರಾಷ್ಟ್ರಗಳ ಪ್ರಜೆಗಳಾದರು. ಅಡ್ಡಹೆಸರುಗಳನ್ನು ಮಾತ್ರ ಯಾರೂ ಪಾಲು ಮಾಡಲಿಲ್ಲ.

ಶಾಲೆ ಮುಗಿದ ದಿನವೇ ಚೆದುರಿಕೆಯೂ ಆರಂಭವಾಗುತ್ತಿತ್ತು. ಬೇರೆ ಕಸುಬಿನವರು ಚೆದುರಿದರೆ ಒಬ್ಬೊಬ್ಬರು ಒಂದೊಂದು ಊರಿಗೆ ಸೇರುತ್ತಾರೆ. ಕಾಗದಕ್ಕೆ ವಿಳಾಸವಾದರೂ ಇರುತ್ತದೆ. ಹಡಗಿನವನಿಗೆ ಊರೆಂಬುದಿಲ್ಲ. ಕಂಪೆನಿಯ ಏಜೆಂಟರ ಮೂಲಕ ಬರೆದ ಕಾಗದ ಸಿಂಗಪುರಕ್ಕೆ ಬರುವಾಗ ಹಡಗು ಯೊಕೊಹಾಮಾಕ್ಕೆ ಹೋಗಿರುತ್ತಿತ್ತು. ಸೂಯೆಜ್ ಕಾಲುವೆ 1967ರಿಂದ 1975ರ ತನಕ ಮುಚ್ಚಿದ್ದ ಕಾಲದಲ್ಲಿ ಯೂರೋಪಿಗೆ ಹೋಗುವವರು ಆಫ್ರಿಕಾದ ಕೊನೆಯನ್ನು ಸುತ್ತಬೇಕಾಗಿ, ಮನೆಯವರ ಕಾಯುವಿಕೆಗೆ ಇನ್ನಷ್ಟು ವಾರಗಳು ಕೂಡಿಕೊಂಡವು. ಹೊರಟಾಗ ತೊಟ್ಟಿಲಲ್ಲಿದ್ದ ಮಗು ಬಂದಾಗ ಅಂಗಳದಲ್ಲಿ ಓಡುತ್ತಿರುತ್ತಿತ್ತು; ಬಂದವನು ಯಾರೆಂದು ತಾಯಿಯನ್ನು ಕೇಳುತ್ತಿತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಕ್ಕಲಿಗನ ದುಡಿಮೆಯನ್ನು ಅವನ ಹೆಂಡತಿ ಕಣ್ಣಾರೆ ಕಾಣುತ್ತಾಳೆ. ಅಂಗಡಿಯವನ ಮಗ ತಂದೆಯ ತಕ್ಕಡಿಯ ಪಕ್ಕದಲ್ಲಿಯೇ ಬೆಳೆಯುತ್ತಾನೆ. ನಾವಿಕನ ಬಾಳಿಗೆ ಅಂಥ ಸಾಕ್ಷಿಗಳಿಲ್ಲ. ಬಿಸ್ಕೇ ಕೊಲ್ಲಿಯ ಬಿರುಗಾಳಿಯಲ್ಲಿ ಮೂರು ರಾತ್ರಿ ನಿದ್ರೆಯಿಲ್ಲದೆ ನಿಂತವನನ್ನು ಮನೆಯವರು ಕಂಡಿಲ್ಲ. ಅವರು ಕಂಡದ್ದು ರಜೆಯಲ್ಲಿ ಬಂದು ಮಧ್ಯಾಹ್ನದ ತನಕ ಮಲಗುವ, ಪೇಟೆಯ ಬೆಲೆ ತಿಳಿಯದ, ಮಕ್ಕಳ ತರಗತಿ ಯಾವುದೆಂದು ತಪ್ಪು ಹೇಳುವ ಒಬ್ಬ ಅತಿಥಿಯನ್ನು. ಹಡಗಿನ ಜೊತೆಗಾರರಾದರೋ ಒಪ್ಪಂದ ಮುಗಿದೊಡನೆ ಒಬ್ಬೊಬ್ಬರು ಒಂದೊಂದು ಹಡಗಿಗೆ ಹೋಗುವವರು. ಒಬ್ಬನ ಬಾಳಿನ ಎರಡು ಅರ್ಧಗಳನ್ನೂ ಬಲ್ಲವರು ಯಾರು? ಹದಿನಾರನೆಯ ವಯಸ್ಸಿನಲ್ಲಿ ಅವನು ತೂಗುಹಾಸಿಗೆಯಿಂದ ಬಿದ್ದುದನ್ನು ಕಂಡು ನಕ್ಕವರೇ; ಅದೇ ಕಡಲಿನಲ್ಲಿ ಅದೇ ಗಾಳಿಯನ್ನು ಬೇರೆ ಹಡಗುಗಳಿಂದ ಕಂಡವರೇ. ಆದುದರಿಂದ ಈ ಹಳಬರು ಒಬ್ಬರನ್ನೊಬ್ಬರು ನೋಡಬಯಸುವುದು ಬರಿಯ ಸ್ನೇಹಕ್ಕಾಗಿ ಅಲ್ಲ. ಒಬ್ಬನ ಯೌವನ ನಿಜವಾಗಿ ನಡೆಯಿತೆಂಬುದಕ್ಕೆ ಇನ್ನೊಬ್ಬನೇ ದಾಖಲೆ. ಕಟ್ಟಡವಿಲ್ಲದ ಶಾಲೆಗೆ ಇವರೇ ಗೋಡೆಗಳು.

ಇಂಥ ಗೋಡೆಗಳು ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಬೆಂಗಳೂರಿನಲ್ಲಿಯೋ ಒಂದು ಸಂಜೆ ಸೇರುತ್ತವೆ. ಡಫರಿನ್ನಿನ ಕೊನೆಯ ವರ್ಷಗಳ ಹುಡುಗರೇ ಇಂದು ಎಪ್ಪತ್ತನ್ನು ಮುಟ್ಟಿ ದಾಟಿದ್ದಾರೆ. ಬಾಗಿಲಲ್ಲಿ ನಿಂತು ಒಬ್ಬರು ಇನ್ನೊಬ್ಬರನ್ನು ದಿಟ್ಟಿಸುತ್ತಾರೆ, ಮುಖದಲ್ಲಿ ಗುರುತು ಹತ್ತದು, ನಡಿಗೆಯಲ್ಲಿ ಹತ್ತುತ್ತದೆ. ಕಾಲುಗಳನ್ನು ಅಗಲಿಸಿ, ನೆಲ ಈಗಲೋ ಆಗಲೋ ವಾಲಬಹುದೆಂಬಂತೆ ನಡೆಯುವ ಆ ಅಭ್ಯಾಸ ನಲವತ್ತು ವರ್ಷ ದಡದಲ್ಲಿದ್ದರೂ ಬಿಡದು. ಆಮೇಲೆ ಒಂದು ಅಡ್ಡಹೆಸರು ಹೊರಬೀಳುತ್ತದೆ. ಮೊಮ್ಮಕ್ಕಳ ಎದುರಿನಲ್ಲಿ ಗಾಂಭೀರ್ಯದಿಂದಿದ್ದ ಒಬ್ಬ ಹಳೆಯ ಕ್ಯಾಪ್ಟನರು ಇದ್ದಕ್ಕಿದ್ದಂತೆ ಹದಿನೇಳರ ಹುಡುಗನಾಗಿಬಿಡುತ್ತಾರೆ.

ಅವರು ಹೇಳಿಕೊಳ್ಳುವ ಸುದ್ದಿಗಳಿಗೂ ಒಂದು ಕ್ರಮವುಂಟು. ತಂಡಕ್ಕೊಬ್ಬ ಶ್ರಮಜೀವಿ ಇದ್ದೇ ಇರುತ್ತಾನೆ. ಎಲ್ಲರ ವಿಳಾಸ, ಹುಟ್ಟಿದ ದಿನ, ಮದುವೆಯ ದಿನಗಳನ್ನು ಬರೆದಿಟ್ಟುಕೊಂಡು ಸುತ್ತೋಲೆ ಕಳುಹಿಸುವ ಹೊರೆಯನ್ನು ಯಾರೂ ಕೇಳದೆಯೇ ಹೊತ್ತವನು ಅವನು. ಅವನ ಹಳೆಯ ಕಡತವನ್ನು ತಿರುವಿದರೆ ಒಂದು ಪೀಳಿಗೆಯ ಚರಿತ್ರೆಯೇ ಕಾಣುತ್ತದೆ. ಮೊದಲಿಗೆ, ಯಾರು ಸೆಕೆಂಡ್ ಮೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಯಾರು ಮಾಸ್ಟರ್ ಆದರು ಎಂಬ ಸುದ್ದಿ. ಬಳಿಕ ಮದುವೆ, ಮನೆ. ನಲವತ್ತೈದರ ಆಚೆಗೆ ದಡಕ್ಕೆ ಇಳಿದವರ ಸುದ್ದಿ: ಒಬ್ಬ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರುವ ಪೈಲಟ್, ಒಬ್ಬ ಸರ್ವೇಯರ್, ಒಬ್ಬ ಹೊಸ ಹುಡುಗರಿಗೆ ಪಾಠ ಹೇಳುವವನು. ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ಕರಾವಳಿಯ ಕೆಲವರಿಗೆ, ಹೊರಟ ಮನೆಯ ಹಿತ್ತಲಿನಲ್ಲಿಯೇ ಹಡಗು ಕಟ್ಟುವ ಭಾಗ್ಯವೂ ಬಂದಿತು. ಅರವತ್ತಕ್ಕೆ ಮಕ್ಕಳ ಮದುವೆ. ಎಪ್ಪತ್ತಕ್ಕೆ ಮಂಡಿ, ಹೃದಯ, ಕಣ್ಣಿನ ಪೊರೆ. ಕೆಂಪು ಹಸುರು ದೀಪಗಳನ್ನು ಕತ್ತಲಲ್ಲಿ ಬೇರೆಬೇರೆಯಾಗಿ ಗುರುತಿಸಬಲ್ಲವರೆಂದು ಪರೀಕ್ಷಿಸಿ ಆರಿಸಿಕೊಂಡ ಕಣ್ಣುಗಳಲ್ಲವೆ ಅವು! ಕಡೆಗೆ ಬರುವುದು ಹೆಸರುಗಳ ಒಂದು ಪಟ್ಟಿ. ಹಡಗಿನಲ್ಲಿ ಅರೆಗಂಟೆಗೊಮ್ಮೆ ಗಂಟೆ ಬಾರಿಸುವ ರೂಢಿಯಿತ್ತು. ನಾಲ್ಕು ಗಂಟೆಗಳ ಪಹರೆ ಮುಗಿದಾಗ ಎಂಟು ಬಡಿತ. ನಾವಿಕರು ತಮ್ಮವನೊಬ್ಬ ತೀರಿಕೊಂಡರೆ, ಎಂಟರ ಗಂಟೆಯಾಯಿತು ಎನ್ನುತ್ತಾರೆ. ಪಹರೆ ಮುಗಿಯಿತು, ಇನ್ನು ಮಲಗಬಹುದು ಎಂಬುದು ಅದರ ಅಭಿಪ್ರಾಯ.

ಕೂಟಕ್ಕೆ ಕೆಲವೊಮ್ಮೆ ಅಂಥವನ ವಿಧವೆಯೂ ಬರುವುದುಂಟು. ಬಂದರೆ ಏನು ಮಾತನಾಡುವುದೆಂಬ ಸಂಕೋಚದಿಂದ ಒಂದು ಮೂಲೆಯಲ್ಲಿ ಕುಳಿತವರ ಬಳಿಗೆ ಒಬ್ಬೊಬ್ಬರಾಗಿ ಈ ಮುದುಕರು ಬರುತ್ತಾರೆ. ಮನೆಯಲ್ಲಿ ಮಿತಭಾಷಿಯಾಗಿದ್ದವನು ರಾತ್ರಿಯ ಪಹರೆಯಲ್ಲಿ ಹಾಡುತ್ತಿದ್ದನೆಂದು ಒಬ್ಬರು ಹೇಳುತ್ತಾರೆ. ಬೆಂಕಿ ಬಿದ್ದ ಹಡಗಿನ ಹೊಟ್ಟೆಗೆ ಇಳಿದು ಒಬ್ಬ ಖಲಾಸಿಯನ್ನು ಹೊತ್ತುತಂದನೆಂದು ಇನ್ನೊಬ್ಬರು. ಈ ಮಾತನ್ನು ಅವನು ಮನೆಯಲ್ಲಿ ಎತ್ತಿಯೇ ಇರಲಿಲ್ಲ. ಸತ್ತ ಗಂಡನ ಬಾಳಿನ ಕಾಣದಿದ್ದ ಅರ್ಧವನ್ನು ಆಕೆ ಆ ಸಂಜೆ ಪಡೆದುಕೊಂಡು ಹೋಗುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಲೋಕ ಬಲ್ಲದು. ಅಂಬಿಗರು ಮಾತ್ರ ತಮ್ಮವರ ಹಂಗನ್ನು ಬಿಡುವುದಿಲ್ಲ.

ಇಷ್ಟೆಲ್ಲ ಒಳ್ಳೆಯದೇ. ಆದರೂ ಈ ಕೂಟಗಳಿಗೆ ಒಂದು ಅಪಾಯವಿದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ಸುದ್ದಿ ಹೇಳುವವರು ಸಾಮಾನ್ಯವಾಗಿ ಹೇಳಲು ಒಳ್ಳೆಯ ಸುದ್ದಿಯಿರುವವರು. ಮಗ ಅಮೇರಿಕಾದಲ್ಲಿರುವವರು ಬರುತ್ತಾರೆ. ಮಗನೊಡನೆ ಮಾತು ಬಿಟ್ಟವರು ಬರುವುದಿಲ್ಲ. ವ್ಯಾಪಾರದ ಹಡಗಿನ ಕೆಲಸ ಹಲವರಿಗೆ ಒಪ್ಪಂದದ ಕೆಲಸ. ಕೊನೆಯ ಸಲ ಹಡಗಿನಿಂದ ಇಳಿದ ದಿನ ಸಂಬಳವೂ ಇಳಿಯಿತು. ಕೂಡಿಟ್ಟುದನ್ನು ಯಾರನ್ನೋ ನಂಬಿ ಕಳೆದುಕೊಂಡವನಿದ್ದಾನೆ, ಹಡಗು ತಳ ತಾಗಿದ ಒಂದು ರಾತ್ರಿಯ ಹೊಣೆಯನ್ನು ಹೊತ್ತು, ಪುನಃ ತಲೆ ಎತ್ತದೆ ಕುಳಿತವನಿದ್ದಾನೆ, ಕುಡಿತಕ್ಕೆ ಬಿದ್ದವನಿದ್ದಾನೆ, ಮರೆವಿನ ರೋಗ ಬಂದು ತನ್ನ ಸಂಖ್ಯೆಯನ್ನು ತಾನೇ ಮರೆತವನಿದ್ದಾನೆ. ಇವರು ಸುತ್ತೋಲೆಗೆ ಉತ್ತರ ಬರೆಯುವುದಿಲ್ಲ. ಎರಡು ವರ್ಷ ಉತ್ತರ ಬಾರದಿದ್ದರೆ, “ಅವನು ಯಾವಾಗಲೂ ಹಾಗೆಯೇ” ಎನ್ನುತ್ತಾರೆ. ಮೂರನೆಯ ವರ್ಷ ಅದನ್ನೂ ಅನ್ನುವುದಿಲ್ಲ. ಹೀಗೆ ಕೂಟವು ತನಗರಿವಿಲ್ಲದೆಯೇ ಯಶಸ್ಸಿನ ಸಂತೆಯಾಗುತ್ತದೆ. ಗೋಡೆಯ ಒಂದೊಂದೇ ಕಲ್ಲು ಸದ್ದಿಲ್ಲದೆ ಉದುರುತ್ತದೆ.

ಇದು ನಾವಿಕರಿಗೆ ತಕ್ಕ ನಡತೆಯಲ್ಲ. ಕಡಲಿನಲ್ಲಿ ಮೌನವೆಂದರೆ ಏನೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. 1979ರ ಜೂನ್ 30ರಂದು ಕಾರವಾರಕ್ಕೆ ಬಡಗಣಲ್ಲಿರುವ ಮರ್ಮಗೋವೆಯಿಂದ ‘ಕೈರಳಿ’ ಎಂಬ ಹಡಗು ಕಬ್ಬಿಣದ ಅದಿರನ್ನು ಹೇರಿಕೊಂಡು ಮಳೆಗಾಲದ ಕಡಲಿಗೆ ಹೊರಟಿತು. ಜಿಬೂತಿಯ ಮಾರ್ಗವಾಗಿ ಅದು ಜರ್ಮನಿಯ ರಾಸ್ಟಾಕಿಗೆ ಹೋಗಬೇಕಾಗಿತ್ತು. ಜುಲೈ 3ರ ಬಳಿಕ ಅದರಿಂದ ಸುದ್ದಿ ಬರಲಿಲ್ಲ. ಹುಡುಕುವ ಕೆಲಸ ಆರಂಭವಾಗುವಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದಿದ್ದವು. ಐವತ್ತರ ಸುಮಾರು ಜನರಿದ್ದ ಆ ಹಡಗಿನ ಕುರುಹು ಸಿಕ್ಕಲೇ ಇಲ್ಲ. ಆ ಪೀಳಿಗೆಯ ನಾವಿಕರಲ್ಲಿ ಆ ಹೆಸರನ್ನು ಕೇಳಿ ಒಂದು ಕ್ಷಣ ಮಾತು ನಿಲ್ಲಿಸದವರು ಅಪರೂಪ. ಸುದ್ದಿಯಿಲ್ಲವೆಂದರೆ ಕ್ಷೇಮವೆಂದು ನೆಲದವರು ಸಮಾಧಾನಪಡಬಹುದು. ಕಡಲಿನವರು ಹಾಗೆ ಸಮಾಧಾನಪಡುವಂತಿಲ್ಲ.

ಅವರ ಕಸುಬಿನ ಧರ್ಮವೂ ಇದನ್ನೇ ಹೇಳುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರಾಷ್ಟ್ರಗಳು ಲಂಡನ್ನಿನಲ್ಲಿ ಕೂಡಿ ಮಾಡಿಕೊಂಡ ಒಡಂಬಡಿಕೆಯಲ್ಲಿ, ಆಪತ್ತಿನ ಕರೆ ಕೇಳಿದ ಹಡಗಿನ ಒಡೆಯನು ನೆರವಿಗೆ ಹೋಗತಕ್ಕದ್ದು ಎಂಬ ವಿಧಿ ಸೇರಿತು. ಕರೆದವನ ಧ್ವಜ ಯಾವುದು, ಸರಕು ಎಷ್ಟು ಬೆಲೆಯದು ಎಂದು ಕೇಳುವಂತಿಲ್ಲ. ಅದಕ್ಕಿಂತ ಮನಸ್ಸನ್ನು ಸೆಳೆಯುವ ಇನ್ನೊಂದು ನಿಯಮ ತಂತಿಯಿಲ್ಲದ ತಂತಿಯ ಕೋಣೆಯಲ್ಲಿತ್ತು. ಆ ಕೋಣೆಯ ಗಡಿಯಾರದ ಮುಖದ ಮೇಲೆ ಎರಡು ಕಡೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಪ್ರತಿ ಗಂಟೆಯಲ್ಲಿಯೂ 15ನೆಯ ನಿಮಿಷದಿಂದ 18ರ ವರೆಗೆ, ಪುನಃ 45ರಿಂದ 48ರ ವರೆಗೆ, ಆಪತ್ತಿನ ಕರೆಗೆ ಮೀಸಲಾದ ತರಂಗದಲ್ಲಿ ಲೋಕದ ಹಡಗುಗಳೆಲ್ಲ ಮಾತು ನಿಲ್ಲಿಸಿ ಕಿವಿಗೊಡಬೇಕು. ಏತಕ್ಕೆ? ಬಲವುಳ್ಳ ಯಂತ್ರಗಳ ಗದ್ದಲದಲ್ಲಿ ಬಲಗುಂದಿದ ಒಂದು ದನಿ ಮುಚ್ಚಿಹೋಗದಿರಲೆಂದು. ಉಪಗ್ರಹಗಳು ಈ ಕೆಲಸಕ್ಕೆ ಬಂದು, 1999ರ ಫೆಬ್ರವರಿ 1ರಿಂದ ಹೊಸ ಪದ್ಧತಿ ಪೂರ್ಣವಾಗಿ ಆಚರಣೆಗೆ ಬಂದ ಮೇಲೆ ಆ ಗಡಿಯಾರಕ್ಕೂ ಅದರೆದುರು ಕುಳಿತಿದ್ದ ರೇಡಿಯೋ ಅಧಿಕಾರಿಗೂ ಕೆಲಸ ತಪ್ಪಿತು. ಆದರೆ ಆ ಮೂರು ನಿಮಿಷಗಳ ನೀತಿ ಹಳೆಯದಾಗಿಲ್ಲ. ಹಳೆಯ ನಾವಿಕರ ಕೂಟಕ್ಕೆ ಇದಕ್ಕಿಂತ ಉತ್ತಮವಾದ ನಿಯಮವನ್ನು ಯಾರೂ ಹೊಸದಾಗಿ ಬರೆಯಬೇಕಾಗಿಲ್ಲ.

ಎಷ್ಟೋ ತಂಡಗಳಲ್ಲಿ ಇದನ್ನು ತಾವಾಗಿಯೇ ಪಾಲಿಸುವವರಿದ್ದಾರೆ. ಇಂಥವರು ಕೂಟಕ್ಕೆ ಬಂದವರನ್ನು ಎಣಿಸುವುದಿಲ್ಲ, ಬಾರದವರನ್ನು ಎಣಿಸುತ್ತಾರೆ. ಉತ್ತರ ಬಾರದ ವಿಳಾಸಕ್ಕೆ ಪುನಃ ಬರೆಯುತ್ತಾರೆ. ದೂರವಾಣಿ ಎತ್ತದಿದ್ದರೆ ರೈಲು ಹತ್ತುತ್ತಾರೆ. ಯಾವುದೋ ಸಣ್ಣ ಊರಿನ ಓಣಿಯಲ್ಲಿ ಮನೆ ಹುಡುಕಿ, ಕದ ತಟ್ಟಿ, ನಾಚಿಕೆಯಿಂದ ತಲೆ ತಗ್ಗಿಸಿದವನನ್ನು ಅಡ್ಡಹೆಸರಿನಿಂದ ಕೂಗುತ್ತಾರೆ. ಏನಾಯಿತೆಂದು ಕೇಳುವುದಿಲ್ಲ. ಕಾಫಿ ಕುಡಿದು, ಹಳೆಯ ಹಡಗಿನ ಒಲೆಯ ಸುಟ್ಟ ರೊಟ್ಟಿಯನ್ನು ಬೈದು, ಏಳುವಾಗ ಆಸ್ಪತ್ರೆಯ ಲೆಕ್ಕವನ್ನು ತಂಡವೇ ನೋಡಿಕೊಂಡಿದೆಯೆಂಬ ಮಾತನ್ನು ಬಾಗಿಲಾಚೆ ಅವನ ಮಡದಿಗೆ ಮಾತ್ರ ತಿಳಿಸುತ್ತಾರೆ. ಮುಂದಿನ ಸುತ್ತೋಲೆಯಲ್ಲಿ ಈ ವಿಷಯ ಬರುವುದಿಲ್ಲ. ಅವನ ಹೊಸ ವಿಳಾಸವೊಂದು ಬರುತ್ತದೆ, ಅಷ್ಟೆ. ಸುತ್ತೋಲೆಗಳಲ್ಲಿ ಅಚ್ಚಾದ ಸುದ್ದಿಗಳಲ್ಲೆಲ್ಲ ದೊಡ್ಡ ಸುದ್ದಿ ಆ ಒಂದು ಸಾಲೇ ಇರಬಹುದು.

ಈಗ ಕಡಲವಿದ್ಯೆ ಕಲಿಯುವ ಹುಡುಗರೂ ಅವರೊಡನೆ ಹುಡುಗಿಯರೂ ದಡದ ಮೇಲಿನ ಕಟ್ಟಡಗಳಲ್ಲಿ ಓದುತ್ತಾರೆ. ಅವರಿಗೆ ಮುಪ್ಪಿನಲ್ಲಿ ಹೋಗಿ ಮುಟ್ಟಲು ಗೋಡೆಯಿರುತ್ತದೆ. ಹಡಗಿನಿಂದಲೇ ಮನೆಯವರ ಮುಖ ನೋಡಿ ಮಾತನಾಡುವ ಅನುಕೂಲವೂ ಬಂದಿದೆ. ನಕ್ಷತ್ರವನ್ನು ಕೋನಮಾಪಕದಿಂದ ಅಳೆದು ದಾರಿ ಕಂಡವರ ಮಾತನ್ನು ಅವರು ಪುರಾಣ ಕೇಳಿದಂತೆ ಕೇಳಬಹುದು. ಆದರೂ ಅವರ ಬಾಳಿನ ಅರ್ಧವೂ ನೆಲದವರ ಕಣ್ಣಿಗೆ ಬೀಳದೆಯೇ ಕಳೆಯುವುದು. ಮುಖ ಕಂಡರೂ ಬಿರುಗಾಳಿ ಕಾಣುವುದಿಲ್ಲ. ಆದುದರಿಂದ ಅವರಿಗೂ ಒಂದು ದಿನ ಈ ಹಳಬರ ಕಡತ ಬೇಕಾಗುವುದು, ಅದನ್ನು ಇಡುವ ಬಗೆಯೂ ಬೇಕಾಗುವುದು.

ಆ ಬಗೆಯಾದರೋ ಸರಳವಾದುದು. ತೀರಿಕೊಂಡವರ ಹೆಸರಿನ ಮುಂದೆ ದಿನಾಂಕವನ್ನು ಬರೆಯಬೇಕು, ಹೆಸರನ್ನು ಹೊಡೆದುಹಾಕಬಾರದು. ಇರುವವರ ಹೆಸರಿನ ಮುಂದೆ ವಿಳಾಸವನ್ನು ಬರೆಯಬೇಕು. ಎರಡೂ ಇಲ್ಲದ ಹೆಸರು ಕಂಡರೆ ಪುಟ ಮಗುಚದೆ ಅಲ್ಲಿಯೇ ನಿಲ್ಲಬೇಕು.